ಕಣ್ಣು ಮುಚ್ಚಿ ನೋಡಿದ ಚುನಾವಣಾ ಜಾಹೀರಾತು

"ಅವರನ್ನು ನಂಬೋಕಾಗಲ್ಲ" ಎಂದೆ, ಒಬ್ಬ ಅಭ್ಯರ್ಥಿಯ ಬಗ್ಗೆ. "ಯಾಕೆ?" ಎಂದು ಗೆಳತಿ ಕೇಳಿದಳು. ಉತ್ತರ ಹೊಳೆಯಲಿಲ್ಲ. ಅವರ ಭಾಷಣ ಕೇಳಿರಲಿಲ್ಲ, ಪ್ರಣಾಳಿಕೆ ಓದಿರಲಿಲ್ಲ. ರಾತ್ರಿ ಯೋಚಿಸಿದಾಗ ನೆನಪಾಗಿದ್ದು 30 ಸೆಕೆಂಡಿನ ಒಂದು ಟಿವಿ ಜಾಹೀರಾತು. ಅದನ್ನು ಮಾಡಿಸಿದ್ದು ಅವರ ಎದುರಾಳಿ. ತುಂಬಾ ಬೇಜಾರಾಯಿತು. ಯಾರೋ ಹೇಳಿಕೊಟ್ಟ ಮಾತನ್ನು ನನ್ನದು ಅಂದುಕೊಂಡಿದ್ದೆ, ಅಲ್ವಾ?

ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಮನಸ್ಸಿಗೆ ನಾಟಿದ ಜಾಹೀರಾತನ್ನು ಮೊಬೈಲಿನಲ್ಲಿ ಹುಡುಕಿ ಮತ್ತೆ ನೋಡುವುದು. ಮೊದಲು ಮ್ಯೂಟ್ ಮಾಡಿ. ಆಮೇಲೆ ಕಣ್ಣು ಮುಚ್ಚಿ ಬರೀ ಕೇಳುವುದು. ಕೊನೆಗೆ, ಅದರಲ್ಲಿ ಹೇಳಿದ್ದೇನು ಎಂದು ಬರೆದಿಡುವುದು.

ಕಣ್ಣು ಮುಚ್ಚಿದಾಗಲೇ ಜಾಸ್ತಿ ಗೊತ್ತಾಗುತ್ತಿತ್ತು. ಎದುರಾಳಿಯ ಹೆಸರು ಬಂದರೆ ಸಂಗೀತ ಭಾರವಾಗುತ್ತದೆ, ದನಿ ಗಡಸಾಗುತ್ತದೆ. ತಮ್ಮ ನಾಯಕ ಬಂದ ಕೂಡಲೇ ಮಕ್ಕಳ ನಗು, ಹಗುರ ರಾಗ. ಬರೆಯಲು ಕೂತರೆ ಎಷ್ಟೋ ಸಲ ಒಂದು ಸಾಲೂ ತುಂಬುತ್ತಿರಲಿಲ್ಲ.

ಅಮೆರಿಕದ 1964ರ 'ಡೈಸಿ' ಜಾಹೀರಾತನ್ನೂ ಹೀಗೇ ನೋಡಿದೆ. ಹೂವಿನ ಎಸಳು ಕೀಳುತ್ತಾ ಎಣಿಸುವ ಪುಟ್ಟ ಹುಡುಗಿ, ನಂತರ ಕ್ಷಿಪಣಿಯ ಕೌಂಟ್‌ಡೌನ್, ಅಣುಬಾಂಬಿನ ಸ್ಫೋಟ. ಅಧ್ಯಕ್ಷ ಚುನಾವಣೆಯಲ್ಲಿ ಲಿಂಡನ್ ಜಾನ್ಸನ್ ಪರವಾಗಿ ಮಾಡಿದ್ದು. ಎದುರಾಳಿ ಗೋಲ್ಡ್‌ವಾಟರ್ ಹೆಸರೇ ಅದರಲ್ಲಿಲ್ಲ. ಹಣ ಕೊಟ್ಟು ಪ್ರಸಾರ ಮಾಡಿಸಿದ್ದು ಒಂದೇ ಸಲ, ಆಮೇಲೆ ಟಿವಿ ವಾಹಿನಿಗಳೇ ಸುದ್ದಿಯಲ್ಲಿ ಮತ್ತೆ ತೋರಿಸಿದವು. ಕಣ್ಣು ಮುಚ್ಚಿ ಕೇಳಿದರೂ ಎದೆ ಝಲ್ಲೆಂದಿತು. ಆ ಹೆದರಿಕೆ ಯಾರ ಮೇಲೆ ತಿರುಗಬೇಕು ಎನ್ನುವುದನ್ನು ನೋಡುವವರೇ ತುಂಬಿಕೊಳ್ಳಬೇಕು. ಅದರ ಬಲವೆಲ್ಲ ಅಲ್ಲೇ ಇದೆ ಅನಿಸುತ್ತದೆ ನನಗೆ.

ಇನ್ನೊಂದು ವಿಷಯವೂ ನನಗೆ ನೆರವಾಯಿತು. 2006ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಗವರ್ನರ್ ಚುನಾವಣೆಯ ಪ್ರಚಾರದಲ್ಲಿ ಸಂಶೋಧಕರು ಒಂದು ಪ್ರಯೋಗ ಮಾಡಿದ್ದರು. ಯಾವ ಊರಿನಲ್ಲಿ ಯಾವಾಗ, ಎಷ್ಟು ಟಿವಿ ಜಾಹೀರಾತು ಬರಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಜನರ ಒಲವು ಜೋರಾಗಿಯೇ ಬದಲಾಯಿತು, ಆದರೆ ಬೇಗನೆ ಇಳಿದೂ ಹೋಯಿತು. ಕೊನೆಯ ದಿನಗಳಲ್ಲಿ ಪಕ್ಷಗಳು ಹಣ ಸುರಿಯುವುದು ಯಾಕೆಂದು ಆಗ ಅರ್ಥವಾಯಿತು. ಹಾಗಾಗಿ ಮತದಾನಕ್ಕೆ ಒಂದು ವಾರ ಇರುವಾಗಲೇ ನನ್ನ ಆಯ್ಕೆಯನ್ನು ಕಾರಣ ಸಮೇತ ಬರೆದಿಟ್ಟೆ. ಕೊನೆಯ ವಾರ ಮನಸ್ಸು ಅಲುಗಾಡಿದಾಗಲೆಲ್ಲ ಆ ಹಾಳೆ ತೆಗೆದು ಓದಿದೆ.

ಆ ಅಭ್ಯರ್ಥಿಗೆ ಕೊನೆಗೂ ಮತ ಹಾಕಲಿಲ್ಲ. ಗೆಳತಿ ಮತ್ತೆ "ಯಾಕೆ?" ಎಂದಳು. ಅವರ ಪ್ರಣಾಳಿಕೆ ತೆರೆದು, ಶಾಲೆಗಳ ಯೋಜನೆಗೆ ಹಣ ಎಲ್ಲಿಂದ ಎಂದು ಬರೆದಿಲ್ಲದ ಪುಟ ತೋರಿಸಿದೆ.