ಮ್ಯಾಪ್ ಬದಲಿಸುವ ಮುನ್ನ ಹೋಸ್ ನೋಡಿ: ಟರ್ಬೊ ಕಾರಿನ ಟ್ಯೂನಿಂಗ್ ಮತ್ತು ದೋಷಪತ್ತೆ

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜೊಂದರಲ್ಲಿ ಒಬ್ಬ ಹುಡುಗ ತನ್ನ ಟರ್ಬೊ ಪೆಟ್ರೋಲ್ ಕಾರಿನ ಬಾನೆಟ್ ಎತ್ತಿಕೊಂಡು ನಿಂತಿದ್ದ. ಬೆಂಗಳೂರಿಗೆ ಮೂರು ಸಲ ಹೋಗಿ ಮೂರು ಸಲ ರೀಮ್ಯಾಪ್ ಮಾಡಿಸಿಕೊಂಡು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಸೆಟ್ಟಿಂಗನ್ನು (ಮ್ಯಾಪ್) ಬದಲಿಸಿಕೊಂಡು ಬಂದಿದ್ದ. ಆದರೂ 3,000 ಆರ್‌ಪಿಎಂ ದಾಟಿದರೆ ಗಾಡಿ ಎಳೆಯುತ್ತಿರಲಿಲ್ಲ. ಟರ್ಬೊ ಒತ್ತಿ ಕಳಿಸಿದ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರಿನ ಕೆಳಗಿನ ಹೋಸ್ ಹಿಡಿದು ತಿರುಗಿಸಿ ನೋಡಿದೆ, ಬರಿಗೈಗೇ ತಿರುಗಿತು. ಕ್ಲ್ಯಾಂಪ್ ಸಡಿಲವಾಗಿ, ಸುತ್ತಲೂ ಎಣ್ಣೆ ಜಿನುಗಿ, ಅದರ ಮೇಲೆ ಧೂಳು ಕಪ್ಪಗೆ ಮೆತ್ತಿಕೊಂಡಿತ್ತು. ಆ ಕಪ್ಪು ಉಂಗುರವೇ ಎಲ್ಲವನ್ನೂ ಹೇಳುತ್ತಿತ್ತು. ಮೂರು ರೀಮ್ಯಾಪಿನ ದುಡ್ಡು ಹೋಗುವವರೆಗೂ ಅದರ ಕಡೆ ಯಾರೂ ಬಗ್ಗಿ ನೋಡಿರಲಿಲ್ಲ.

ಇಂಥ ಕಾರುಗಳನ್ನು ಲೆಕ್ಕವಿಲ್ಲದಷ್ಟು ನೋಡಿ ಬೇಸತ್ತಿದ್ದೇನೆ. ಆದ್ದರಿಂದ ಕ್ರಮವಾಗಿ ಬರೆಯುತ್ತೇನೆ.

ಕೈ ಹಾಕುವ ಮುನ್ನ

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂಥ ಮಾರ್ಪಾಡನ್ನು ಒಪ್ಪುವುದಿಲ್ಲ. ವಾರಂಟಿಗೂ ವಿಮೆಗೂ ತೊಡಕು. ಟ್ರ್ಯಾಕ್‌ಗೆಂದು ಇಟ್ಟುಕೊಂಡ ಗಾಡಿಯಾದರೆ ಮುಂದುವರಿಯಿರಿ; ಮನೆಮಂದಿ ದಿನವೂ ಓಡಾಡುವ ಕಾರನ್ನು ಅದರ ಪಾಡಿಗೆ ಬಿಡಿ.

ಆಯಿಲ್, ಏರ್ ಫಿಲ್ಟರ್, ಪ್ಲಗ್ ಹೊಸದಾಗಿರಲಿ. ಕಂಪ್ರೆಷನ್ ನೋಡಿಸಿ. ಸ್ಕ್ಯಾನರ್ ಹಾಕಿ ಹಳೆಯ ಕೋಡ್‌ಗಳನ್ನು ಬರೆದಿಟ್ಟುಕೊಳ್ಳಿ.

ಸೆನ್ಸರಿನ ವೈರಿಗೆ ಸಿಕ್ಕಿಸಿದರೆ ಸಾಕು, ಶಕ್ತಿ ಹೆಚ್ಚುತ್ತದೆ ಎಂದು ಮಾರುವ ಪೆಟ್ಟಿಗೆಗಳನ್ನು ಕೊಳ್ಳಲೇಬೇಡಿ. ಅವು ಮಾಡುವುದು ಇಷ್ಟೇ: ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಇರುವುದಕ್ಕಿಂತ ಕಡಿಮೆ ಇದೆ ಎಂದು ಇಸಿಯುಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಸುಳ್ಳು ಹೇಳುತ್ತವೆ. ಅದನ್ನು ನಂಬಿದ ಇಸಿಯು ಬೂಸ್ಟ್ ಏರಿಸುತ್ತಲೇ ಹೋಗುತ್ತದೆ.

ಮ್ಯಾಪ್

ಯಾವ ಪೆಟ್ರೋಲ್ ಹಾಕುತ್ತೀರಿ ಎಂದು ಮೊದಲೇ ಹೇಳಿ, ಆಮೇಲೂ ಅದನ್ನೇ ಹಾಕಿ. ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದ ಗಾಳಿ–ಇಂಧನದ ಅನುಪಾತ 14.7 ಅಲ್ಲ, ಸುಮಾರು 13.5. ಹಾಗಾಗಿ ಅನುಪಾತದ ಬದಲು ಲ್ಯಾಂಬ್ಡಾ ಲೆಕ್ಕದಲ್ಲೇ ಮಾತನಾಡಿ; ಅದರಲ್ಲಿ ಆ ಅನುಪಾತವೇ 1, ಅದಕ್ಕಿಂತ ಕಡಿಮೆ ಎಂದರೆ ಇಂಧನ ಹೆಚ್ಚು. ಪೂರ್ತಿ ಬೂಸ್ಟಿನಲ್ಲಿ 0.80ರಿಂದ 0.85ರ ನಡುವೆ ಇದ್ದರೆ ನನಗೆ ಸಮಾಧಾನ. ಇದನ್ನು ಅಳೆಯಲು ವೈಡ್‌ಬ್ಯಾಂಡ್ ಸೆನ್ಸರ್ ಬೇಕೇ ಬೇಕು.

ನಮ್ಮ ಊರಿಗೆ ಸಂಬಂಧಿಸಿದ ಮಾತೊಂದಿದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ 700 ಮೀಟರಿಗೂ ಮೇಲೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಸ್ಕ್ಯಾನರಿನಲ್ಲಿ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹಂಚುವ ಕೊಳವೆ) ಒತ್ತಡ ನೋಡಿ; ಆಗ ಅದು ಹೊರಗಾಳಿಯ ಒತ್ತಡವೇ. ದಾವಣಗೆರೆಯಲ್ಲಿ 94 ಕಿಲೋಪಾಸ್ಕಲ್ ಆಸುಪಾಸು ಇರಬೇಕು, ದುರ್ಗದಲ್ಲಿ ಇನ್ನೊಂದೆರಡು ಕಡಿಮೆ. ಇಲ್ಲಿ ನಿಂತು ಸಮುದ್ರಮಟ್ಟದ 101 ತೋರಿಸಿದರೆ ಸೆನ್ಸರ್ ಕೆಟ್ಟಿದೆ, ಇಲ್ಲವೇ ಮ್ಯಾಪಿನಲ್ಲಿ ಅದರ ಅಳತೆ ತಪ್ಪಿದೆ. ಮಂಗಳೂರಿನ ಗೆಳೆಯನ ಫೈಲ್ ತಂದು ಹಾಗೆಯೇ ಹಾಕುವುದೂ ತಪ್ಪು. ಅಷ್ಟೇ ಒತ್ತಡ ತುಂಬಲು ಇಲ್ಲಿನ ತೆಳುಗಾಳಿಯಲ್ಲಿ ಟರ್ಬೊ ಇನ್ನೂ ಜೋರಾಗಿ ತಿರುಗಬೇಕಾಗುತ್ತದೆ.

ಎಲ್ಲರೂ ಎಡವುವ ಜಾಗ: ಸೋರಿಕೆ ಪರೀಕ್ಷೆ

ಟ್ಯೂನ್ ಆದ ಮೇಲೆ ಪಿಕಪ್ ಇಲ್ಲ, ಸುಂಯ್ ಎನ್ನುವ ಸದ್ದು, ಪಿ0299 ಕೋಡ್ (ಬೂಸ್ಟ್ ಸಾಲದು ಎಂಬ ಸೂಚನೆ) ಎಂದರೆ ಮೊದಲು ಗಾಳಿಯ ದಾರಿಯನ್ನು ನೋಡಿ. ಹಳೆಯ ಬೂಸ್ಟಿಗೆ ತಡೆದುಕೊಂಡಿದ್ದ ಜೋಡಣೆಗಳು ಹೊಸ ಬೂಸ್ಟಿಗೆ ಬಾಯಿ ಬಿಡುತ್ತವೆ.

ಪರೀಕ್ಷೆಯ ಸಾಧನವನ್ನು ನೀವೇ ಮಾಡಿಕೊಳ್ಳಬಹುದು. ಟರ್ಬೊಗೆ ಗಾಳಿ ಒಯ್ಯುವ ಹೋಸಿನ ಒಳ ಅಳತೆಗೆ ಬಿಗಿಯಾಗಿ ಕೂರುವ ಪಿವಿಸಿ ಎಂಡ್ ಕ್ಯಾಪ್ ತನ್ನಿ. ಮಧ್ಯೆ 11.5 ಮಿಲಿಮೀಟರ್ ತೂತು ಕೊರೆದು, ಪಂಕ್ಚರ್ ಅಂಗಡಿಯ ಸಾಮಾನ್ಯ ಟ್ಯೂಬ್‌ಲೆಸ್ ವಾಲ್ವನ್ನು ಸಾಬೂನು ನೀರು ಸವರಿ ಒಳಗಿನಿಂದ ಎಳೆದು ಕೂರಿಸಿ.

ಎಂಜಿನ್ ತಣ್ಣಗಿರಬೇಕು, ಕೀ ತೆಗೆದಿರಬೇಕು. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಗಾಳಿ ಅಳೆಯುವ ಸೆನ್ಸರ್ ಇದ್ದರೆ ಅದರ ಆಚೆಗೆ, ಟರ್ಬೊ ಕಡೆಗೆ, ಹೋಸಿನ ಬಾಯಿಗೆ ಕ್ಯಾಪ್ ತೂರಿಸಿ ಕ್ಲ್ಯಾಂಪ್ ಬಿಗಿಯಿರಿ. ಎಂಜಿನ್ನಿನ ತಲೆಯಿಂದ ಈ ಹೋಸಿಗೆ ಬಂದು ಸೇರುವ ಬ್ರೀದರ್ ಪೈಪನ್ನು ಬಿಚ್ಚಿ ಎರಡೂ ತುದಿ ಮುಚ್ಚಬೇಕು. ಇದನ್ನು ಮರೆತರೆ ಗಾಳಿ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲುಗಳನ್ನೇ ಎಬ್ಬಿಸಬಹುದು.

ರೆಗ್ಯುಲೇಟರ್ ಇಲ್ಲದ ಕಂಪ್ರೆಸರಿನ ಹತ್ತಿರ ಹೋಗಬೇಡಿ. ಮೊದಲು 5 ಪಿಎಸ್‌ಐ, ಆಮೇಲೆ 10, ಹೆಚ್ಚೆಂದರೆ 15. ಕ್ಯಾಪಿನ ನೇರಕ್ಕೆ ಮುಖವನ್ನಾಗಲಿ ಕೈಯನ್ನಾಗಲಿ ಇಡಬೇಡಿ; ಅದು ಸಿಡಿದು ಬಂದರೆ ಮೂಳೆ ಮುರಿಯುವಷ್ಟು ಬಲವಿರುತ್ತದೆ.

ಈಗ ಅರ್ಧ ಲೀಟರ್ ನೀರಿಗೆ ಒಂದು ಚಮಚ ಬಟ್ಟೆ ಸೋಪಿನ ಪುಡಿ ಕದಡಿ, ಸ್ಪ್ರೇ ಬಾಟಲಿಯಲ್ಲಿ ತುಂಬಿ, ಟರ್ಬೊದಿಂದ ಥ್ರಾಟಲ್‌ವರೆಗೆ ಒಂದೊಂದೇ ಜೋಡಣೆಗೆ ಹೊಡೆಯುತ್ತ ಬನ್ನಿ. ಸೈಕಲ್ ಟ್ಯೂಬನ್ನು ನೀರಿನಲ್ಲಿ ಅದ್ದಿ ತೂತು ಹುಡುಕುತ್ತಾರಲ್ಲ, ಅದೇ ಲೆಕ್ಕ. ಅವಸರ ಬೇಡ. ದೊಡ್ಡ ಸೋರಿಕೆ ನೊರೆಯನ್ನೇ ಊದಿ ಹಾರಿಸಿಬಿಡುತ್ತದೆ, ಅದನ್ನು ಕಿವಿಯಿಂದ ಹಿಡಿಯಬೇಕು. ಸಣ್ಣ ಸೋರಿಕೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ನಿಧಾನವಾಗಿ ಗೊಂಚಲಾಗಿ ಬೆಳೆಯುತ್ತವೆ. ಒಂದು ನಿಮಿಷ ಕಾಯದಿದ್ದರೆ ಕಾಣುವುದೇ ಇಲ್ಲ. ಇಂಟರ್‌ಕೂಲರಿನ ಕೆಳಬದಿಯ ಜೋಡಣೆ, ಡೈವರ್ಟರ್ ವಾಲ್ವ್ (ಹೆಚ್ಚಾದ ಬೂಸ್ಟನ್ನು ಹಿಂದಕ್ಕೆ ಬಿಡುವ ವಾಲ್ವ್), ಥ್ರಾಟಲ್ ಸೀಲ್ ಈ ಮೂರನ್ನು ಎರಡೆರಡು ಸಲ ನೋಡಿ. ಸೈಲೆನ್ಸರಿನಲ್ಲಿ ಗಾಳಿಯ ಸದ್ದು ಬಂದರೆ ಗಾಬರಿ ಬೇಡ. ಯಾವುದೋ ಸಿಲಿಂಡರಿನ ವಾಲ್ವುಗಳು ತೆರೆದಿವೆ ಅಷ್ಟೇ. ಒತ್ತಡ ಪೂರ್ತಿ ಇಳಿಸಿ, ಕ್ರ್ಯಾಂಕನ್ನು ಸ್ಪಾನರಿನಿಂದ ಸ್ವಲ್ಪ ತಿರುಗಿಸಿ ಮತ್ತೆ ಗಾಳಿ ತುಂಬಿ.

ಇಂಟರ್‌ಕೂಲರಿನ ಪ್ಲಾಸ್ಟಿಕ್ ಅಂಚಿನಲ್ಲೇ ಗುಳ್ಳೆ ಬಂದರೆ ಅದನ್ನು ಬದಲಿಸಿ. ಎಪಾಕ್ಸಿ ಮೆತ್ತುವವರ ಮಾತು ಕೇಳಬೇಡಿ, ಒಂದು ಬೇಸಿಗೆಯೂ ಬಾಳುವುದಿಲ್ಲ.

ಹೋಸನ್ನು ಮರಳಿ ಹಾಕುವಾಗ ಪೈಪಿನ ಮೇಲಿನ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ಒರೆಸಿ; ಎಣ್ಣೆಪಸೆ ಇದ್ದಲ್ಲಿ ಸಿಲಿಕಾನ್ ಹೋಸ್ ನಿಲ್ಲುವುದೇ ಇಲ್ಲ. ಪೈಪಿನ ತುದಿಯ ಉಬ್ಬು ದಾಟಿದ ಮೇಲೆ ಕ್ಲ್ಯಾಂಪ್ ಕೂರಬೇಕು, ಉಬ್ಬಿನ ಮೇಲಲ್ಲ. ನನ್ನ ಮಟ್ಟಿಗೆ ಟಿ-ಬೋಲ್ಟ್ ಕ್ಲ್ಯಾಂಪ್ ಬಿಟ್ಟು ಬೇರೆ ಯಾವುದನ್ನೂ ಹಾಕಬಾರದು. ಎರಡು ಬೆರಳಲ್ಲಿ ಒತ್ತಿದರೆ ಚಪ್ಪಟೆಯಾಗುವ ಅಗ್ಗದ ಹೋಸ್ ತಂದಿದ್ದರೆ ಈಗಲೇ ಎಸೆಯಿರಿ.

ಮಿಸ್ಸಿಂಗ್ ಇದ್ದರೆ

ಸಾದಾ ಓಟದಲ್ಲಿ ಸರಿಯಿದ್ದು, ಪೂರ್ತಿ ಒತ್ತಿದಾಗ ಮಾತ್ರ ಜರ್ಕ್ ಹೊಡೆದರೆ ಪ್ಲಗ್ ಗ್ಯಾಪ್ ನೋಡಿ. ಬೂಸ್ಟ್ ಏರಿಸಿದ ಎಂಜಿನ್ನಿಗೆ 0.6ರಿಂದ 0.7 ಮಿಲಿಮೀಟರ್ ಸಾಕು. ಇರಿಡಿಯಂ ಪ್ಲಗ್ಗಿನ ನಡುವಿನ ಕಡ್ಡಿಗೆ ಫೀಲರ್ ಗೇಜ್ ಒತ್ತಬೇಡಿ, ಮುರಿಯುತ್ತದೆ. ಹೊರಗಿನ ಕೊಕ್ಕೆಯನ್ನು ಮಾತ್ರ ಬಗ್ಗಿಸಿ. ಗ್ಯಾಪ್ ಸರಿಯಿದ್ದೂ ಒಂದೇ ಸಿಲಿಂಡರ್ ಕಾಡಿದರೆ ಕಾಯಿಲ್ ಅದಲುಬದಲು ಮಾಡಿ, ದೋಷ ಜೊತೆಗೆ ಹೋಯಿತೇ ನೋಡಿ.

ಲಾಗ್ ಓದುವುದು

ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಡೈನೊ ಮೇಲೆ ಮೂರನೇ ಗೇರಿನಲ್ಲಿ ಒಮ್ಮೆ ಪೂರ್ತಿ ಎಳೆದು, ಸ್ಕ್ಯಾನರಿನ ಅಂಕಿಗಳನ್ನು (ಲಾಗ್) ದಾಖಲಿಸಿ. ಹೆದ್ದಾರಿ 48ರಲ್ಲಿ ಈ ಕೆಲಸ ಮಾಡಬೇಡಿ. ಲಾರಿ, ಟ್ರ್ಯಾಕ್ಟರ್ ಅಡ್ಡ ಬರುವ ಆ ರಸ್ತೆಯಲ್ಲಿ ಸ್ಕ್ರೀನ್ ನೋಡುತ್ತ ಓಡಿಸುವವನು ಬೇರೆಯವರ ಜೀವದ ಜೊತೆ ಆಡುತ್ತಿರುತ್ತಾನೆ.

ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್, ಲ್ಯಾಂಬ್ಡಾ, ಒಳಗಾಳಿಯ ಉಷ್ಣಾಂಶ, ನಾಕಿಂಗ್‌ಗೆ (ಇಂಧನ ತಾನಾಗಿಯೇ ಸಿಡಿಯುವುದಕ್ಕೆ) ಇಸಿಯು ಹಿಂದೆ ಸರಿಸಿದ ಕಿಡಿಯ ಟೈಮಿಂಗ್: ಈ ಐದು ಸಾಕು. ಎಲ್ಲ ಸಿಲಿಂಡರುಗಳಲ್ಲೂ ಟೈಮಿಂಗ್ ಒಟ್ಟಿಗೆ ಹಿಂದೆ ಸರಿದರೆ ಪೆಟ್ರೋಲ್ ಅಥವಾ ಬಿಸಿಲು ಕಾರಣ, ಒಂದರಲ್ಲಿ ಮಾತ್ರವಾದರೆ ಆ ಸಿಲಿಂಡರಿನ ಪ್ಲಗ್ ಕಡೆ ಹೋಗಿ. ಏಪ್ರಿಲ್ ಮಧ್ಯಾಹ್ನದ ಲಾಗನ್ನೂ ಬೆಳಗಿನ ಆರು ಗಂಟೆಯದನ್ನೂ ಹೋಲಿಸಬೇಡಿ. ಗಾಳಿ ಅಳೆಯುವ ಸೆನ್ಸರ್ ಇರುವ ಕಾರು ಐಡಲಿನಲ್ಲಿ ಲೀನ್ (ಇಂಧನ ಕಡಿಮೆ), ಬೂಸ್ಟಿನಲ್ಲಿ ರಿಚ್ (ಇಂಧನ ಹೆಚ್ಚು) ಆಗಿ ಕಪ್ಪು ಹೊಗೆ ಉಗುಳಿದರೆ ಸೋರಿಕೆ ಇನ್ನೂ ಇದೆ ಎಂದೇ ಅರ್ಥ. ಇಷ್ಟೆಲ್ಲ ಸರಿಯಿದ್ದ ಮೇಲೆ ಮಾತ್ರ ಮ್ಯಾಪ್ ಮಾಡಿದವರಿಗೆ ಫೋನ್ ಮಾಡಿ.

ನೀಲಿ ಹೊಗೆ

ನೀಲಿ ಹೊಗೆ ಎಂದರೆ ಎಣ್ಣೆ ಉರಿಯುತ್ತಿದೆ. ಟರ್ಬೊ ಹೋಯಿತು ಎಂದು ತೀರ್ಮಾನಿಸುವ ಮುನ್ನ ಅದರ ಆಯಿಲ್ ಮರಳುವ ಪೈಪ್ ಬಿಚ್ಚಿ ನೋಡಿ. ಗ್ಯಾಸ್ಕೆಟ್ ಜೊತೆ ಹಚ್ಚಿದ ಸೀಲಂಟ್ ಒಳಗೆ ಉಬ್ಬಿ ದಾರಿ ಕಟ್ಟಿರುವುದನ್ನು ನಾನೇ ಚಿಮಟದಿಂದ ಕಿತ್ತು ತೆಗೆದಿದ್ದೇನೆ.

ಕೊನೆಯ ಕೆಲಸ: ಪ್ರತಿ ಜೋಡಣೆಯಲ್ಲೂ ಹೋಸಿನಿಂದ ಪೈಪಿನವರೆಗೆ ಬಿಳಿ ಬಣ್ಣದಿಂದ ಒಂದು ಗೆರೆ ಎಳೆಯಿರಿ. 200 ಕಿಲೋಮೀಟರ್ ಓಡಿದ ಮೇಲೆ, ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ನೋಡಿ. ಗೆರೆ ಎಲ್ಲಿ ತುಂಡಾಗಿದೆಯೋ ಆ ಹೋಸ್ ಜಾರಿದೆ.