ಚಿನ್ನದ ಹಡಗುಗಳ ಡೈರಿಗಳನ್ನು ನಾನು ಓದುವ ರೀತಿ

1851ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿತು. ಸುದ್ದಿ ಮುಟ್ಟಿದ್ದೇ ತಡ, ಲಿವರ್‌ಪೂಲ್‌ನಿಂದ ಹಡಗು ಹಡಗೇ ತುಂಬಿಕೊಂಡು ಜನ ಮೆಲ್ಬರ್ನ್‌ಗೆ ಹೊರಟರು. ಮೂರು ನಾಲ್ಕು ತಿಂಗಳ ಪ್ರಯಾಣ. ಹೊತ್ತು ಹೋಗಬೇಕಲ್ವಾ, ಎಷ್ಟೋ ಜನ ಡೈರಿ ಬರೆದರು. ಮೆಲ್ಬರ್ನ್‌ನಲ್ಲಿ ನೆಲೆಸಿದ ಮೇಲೆ ಇಲ್ಲಿನ ಸ್ಟೇಟ್ ಲೈಬ್ರರಿಯಲ್ಲಿ ಅವನ್ನು ಓದುವ ಹುಚ್ಚು ನನಗೆ ಹತ್ತಿದೆ.

ಮೊದಲು ನಾನು ಕಥೆ ಓದುವುದಿಲ್ಲ, ಅಂಕಿ ಹೆಕ್ಕುತ್ತೇನೆ. ದಿನಾ ಮಧ್ಯಾಹ್ನ ಸೂರ್ಯನನ್ನು ಅಳೆದು ಹಡಗು ಎಲ್ಲಿದೆ ಅಂತ ಲೆಕ್ಕ ಹಾಕುತ್ತಿದ್ದರು. ಆ ಅಕ್ಷಾಂಶ, ರೇಖಾಂಶಗಳನ್ನು ಅನೇಕ ಪ್ರಯಾಣಿಕರು ಬರೆದುಕೊಂಡಿದ್ದಾರೆ. ಅವನ್ನು ನಕ್ಷೆಯ ಮೇಲೆ ಚುಕ್ಕಿ ಇಡುತ್ತಾ ಹೋಗುತ್ತೇನೆ. ಸಮಭಾಜಕದ ಹತ್ತಿರ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗಾಳಿ ಇಲ್ಲ, ಸೆಕೆ. ಜಗಳಗಳೂ ಆ ಪುಟಗಳಲ್ಲೇ ಜಾಸ್ತಿ. ದಕ್ಷಿಣಕ್ಕೆ 40 ಡಿಗ್ರಿ ದಾಟಿದರೆ ಪಡುವಣ ಗಾಳಿ ಬೆನ್ನಿಗೆ ಬೀಳುತ್ತದೆ, ಚುಕ್ಕಿಗಳು ದೂರ ದೂರ ಸರಿಯುತ್ತವೆ. 1852ರಲ್ಲಿ ಕ್ಯಾಪ್ಟನ್ ಜೇಮ್ಸ್ ಫೋರ್ಬ್ಸ್ ಇನ್ನೂ ದಕ್ಷಿಣಕ್ಕೆ ಇಳಿದ. ಗೋಳದ ಮೇಲೆ ಅದೇ ಹತ್ತಿರದ ದಾರಿ. ಅವನ ಹಡಗು 'ಮಾರ್ಕೋ ಪೋಲೋ' ಸುಮಾರು ಎರಡೂವರೆ ತಿಂಗಳಲ್ಲೇ ತಲುಪಿತು. ಆದರೆ ಆ ದಾರಿಯಲ್ಲಿ ಚಳಿ ಮೈ ಕೊರೆಯುತ್ತಿತ್ತು.

ಬಿರುಗಾಳಿಯ ವರ್ಣನೆಗಳನ್ನು ನಾನು ಬೇಗ ಹಾರಿಸುತ್ತೇನೆ. ಎಲ್ಲರದ್ದೂ ಒಂದೇ ಥರ. ಊಟದ ಸಾಲುಗಳಲ್ಲಿ ಮಾತ್ರ ನಿಧಾನ. ಸ್ಟೀರೇಜ್, ಅಂದರೆ ಡೆಕ್ಕಿನ ಕೆಳಗಿನ ಅಗ್ಗದ ದರ್ಜೆಯವರು, ಗುಂಪು ಗುಂಪಾಗಿ ರೇಷನ್ ಪಡೆಯುತ್ತಿದ್ದರು. ಹಿಟ್ಟು, ಒಣದ್ರಾಕ್ಷಿ ಕಲಸಿ ಬಟ್ಟೆಯಲ್ಲಿ ಗಂಟು ಕಟ್ಟಿ, ಗುಂಪಿನ ನಂಬರ್ ಹಾಕಿ ಅಡುಗೆಯವನಿಗೆ ಕೊಡಬೇಕು. ಗಂಟು ಅದಲುಬದಲಾದರೆ ಮುಗಿಯಿತು! ಕ್ಯಾಬಿನ್ನಿನವರ ಡೈರಿಯಲ್ಲಿ ಈ ಪಾಡು ಸಿಗುವುದೇ ಇಲ್ಲ. ಹಾಗಾಗಿ ಸಾಧ್ಯವಾದರೆ ಒಂದೇ ಹಡಗಿನ ಎರಡೂ ದರ್ಜೆಯವರ ಡೈರಿ ಹುಡುಕುತ್ತೇನೆ.

ಕೈಬರಹ ದೊಡ್ಡ ತಲೆನೋವು. ಕಾಗದ ಉಳಿಸಲು ಕೆಲವರು ಹಾಳೆ ತಿರುಗಿಸಿ, ಬರೆದದ್ದರ ಮೇಲೇ ಅಡ್ಡಡ್ಡ ಬರೆದಿದ್ದಾರೆ. ಪ್ರಿಂಟ್ ತೆಗೆದು, ಸಾಲಿನ ಕೆಳಗೆ ಬಿಳಿ ಪಟ್ಟಿ ಇಟ್ಟು ಒಂದೇ ದಿಕ್ಕು ಹಿಡಿದು ಹೋಗುತ್ತೇನೆ. ಸ್ವಲ್ಪ ಹೊತ್ತಿಗೆ ಕಣ್ಣು ಇನ್ನೊಂದು ದಿಕ್ಕಿನ ಅಕ್ಷರಗಳನ್ನು ತಾನಾಗಿ ಬಿಟ್ಟುಬಿಡುತ್ತದೆ.

ಒಂದು ಎಚ್ಚರ ಬೇಕು. ಈ ಡೈರಿಗಳಲ್ಲಿ ಎಷ್ಟೋ ಊರಿನವರಿಗೆ ಕಳಿಸಲೆಂದೇ ಬರೆದವು. ಅಮ್ಮ ಓದುವ ಪುಟದಲ್ಲಿ ಯಾರು ತಾನೇ ಎಲ್ಲಾ ಬರೆಯುತ್ತಾರೆ? 1852ರಲ್ಲಿ 'ಟಿಕೊಂಡೆರೋಗಾ' ಎಂಬ ಹಡಗಿನಲ್ಲಿ ಸುಮಾರು 800 ವಲಸಿಗರಿದ್ದರು. ಟೈಫಸ್ ಜ್ವರ ಹಬ್ಬಿ, ದಾರಿಯಲ್ಲೇ ಸುಮಾರು 100 ಜನ ಸತ್ತರು. ಇಂಥದ್ದನ್ನೆಲ್ಲ ಮನೆಯವರಿಗೆ ಬರೆಯಲು ಕೈ ಬರುವುದಿಲ್ಲ. ಅದಕ್ಕೇ ಡೈರಿಯೊಂದನ್ನೇ ನಂಬಿ ಕೂರುವುದಿಲ್ಲ. ಆಸ್ಟ್ರೇಲಿಯಾದ ಹಳೆಯ ಪತ್ರಿಕೆಗಳಿರುವ ಟ್ರೋವ್ ಜಾಲತಾಣದಲ್ಲಿ ಮೆಲ್ಬರ್ನ್‌ನ ಆಗಿನ 'ಆರ್ಗಸ್' ಪತ್ರಿಕೆಯ ಹಡಗು ಸುದ್ದಿ ಪುಕ್ಕಟೆ ಸಿಗುತ್ತದೆ. ಕ್ಯಾಬಿನ್ ಪ್ರಯಾಣಿಕರ ಹೆಸರು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಸ್ಟೀರೇಜಿನವರು ಬೇಕಿದ್ದರೆ ವಿಕ್ಟೋರಿಯಾದ ಸರ್ಕಾರಿ ದಾಖಲೆ ಕಚೇರಿಯ ಪ್ರಯಾಣಿಕರ ಪಟ್ಟಿ ತಡಕಬೇಕು. ಅವು 1852ರಿಂದ ಇವೆ.