ಪಾಯ ತೋಡುವ ಮುನ್ನ ಪರದೆಯ ಮೇಲೊಂದು ಮನೆ

30×40 ಸೈಟಿನಲ್ಲಿ ಮನೆ ಕಟ್ಟಿಸಲು ಹೊರಟ ಬೆಂಗಳೂರಿಗರ ಮೊಬೈಲಿನಲ್ಲಿ ಈಗ ಮನೆ ವಿನ್ಯಾಸದ ಆ್ಯಪ್ ಒಂದಾದರೂ ಇದ್ದೇ ಇರುತ್ತದೆ. ಸೋಫಾವನ್ನು ಎಳೆದು ತಂದು ನಡುಮನೆಯಲ್ಲಿ ಕೂರಿಸಿ, ಗೋಡೆಗೆ ತಿಳಿಹಳದಿ ಬಳಿದು, ಚಿತ್ರವನ್ನು ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುವುದರೊಂದಿಗೆ ಅದರ ಉಪಯೋಗ ಸಾಮಾನ್ಯವಾಗಿ ಮುಗಿಯುತ್ತದೆ. ಅದೇ ಚಿತ್ರ ಮೇಸ್ತ್ರಿಯ ಕೈಗೆ ಹೋದಾಗ ಅವರು ಬಣ್ಣವನ್ನೂ ಸೋಫಾವನ್ನೂ ನೋಡುವುದಿಲ್ಲ, "ಇದು ಒಳ ಅಳತೆನಾ, ಹೊರ ಅಳತೆನಾ ಸಾರ್?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ತಡವರಿಸದೆ ಉತ್ತರಿಸುವಂತಾಗಲು ತಂತ್ರಾಂಶವನ್ನು ಹೇಗೆ ಬಳಸಬೇಕು, ಅದಕ್ಕೆ ದುಡ್ಡು ಕೊಡಬೇಕೇ, ಕೊಡುವುದಾದರೆ ಯಾವಾಗ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ಕೊಳ್ಳುವ ಮಾತು ಲೇಖನದ ಕೊನೆಯ ಭಾಗದಲ್ಲಿ ಬರುತ್ತದೆ, ಏಕೆಂದರೆ ನಿಜವಾದ ಕೆಲಸದಲ್ಲಿಯೂ ಅದು ಬರಬೇಕಾದದ್ದು ಅಲ್ಲಿಯೇ.

ಮೊದಲು ಟೇಪು

ಪತ್ರದಲ್ಲಿ 30×40 ಎಂದಿದ್ದ ಮಾತ್ರಕ್ಕೆ ನೆಲದ ಮೇಲೂ ಅಷ್ಟೇ ಇರುತ್ತದೆಂದು ನಂಬಬಾರದು. ಸೈಟಿನ ನಾಲ್ಕು ಬದಿಗಳನ್ನು ಅಳೆದ ಮೇಲೆ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆಯಬೇಕು. ಅಳತೆ ಸರಿಯಾಗಿದ್ದು ಮೂಲೆಗಳು ಮಟ್ಟಸವಾಗಿದ್ದರೆ ಎರಡೂ ಕರ್ಣಗಳು ಕರಾರುವಾಕ್ಕಾಗಿ 50 ಅಡಿ ಬರುತ್ತವೆ; ಒಂದು 50 ಅಡಿ 4 ಅಂಗುಲ, ಇನ್ನೊಂದು 49 ಅಡಿ 8 ಅಂಗುಲ ಬಂದರೆ ಸೈಟು ಓರೆಯಾಗಿದೆ ಎಂದರ್ಥ, ಮತ್ತು ಆ ಓರೆಯನ್ನು ಹಾಗೆಯೇ ತಂತ್ರಾಂಶದಲ್ಲಿ ಬಿಡಿಸಬೇಕು. ಎದುರಿನ ವಿದ್ಯುತ್ ಕಂಬ, ಚರಂಡಿಯ ಚೇಂಬರು, ರಸ್ತೆಯ ಮಟ್ಟ, ಪಕ್ಕದ ಮನೆಯ ಕಿಟಕಿಗಳಿರುವ ಜಾಗ ಇವಿಷ್ಟನ್ನೂ ಗುರುತು ಮಾಡಿಕೊಳ್ಳಿ. ಉತ್ತರ ದಿಕ್ಕನ್ನು ಮೊಬೈಲಿನ ದಿಕ್ಸೂಚಿಯಿಂದ ನೋಡುವುದಾದರೆ ಕಂಬಿ ರಾಶಿಯಿಂದಲೂ ನಿಲ್ಲಿಸಿದ ವಾಹನದಿಂದಲೂ ದೂರ ನಿಂತು ನೋಡಿ.

ಅನಂತರ, ಈಗ ವಾಸವಿರುವ ಮನೆಯನ್ನು ಅಳೆಯಿರಿ. ಹೊಸ ಮನೆಗೆ ಕೈಹಾಕುವ ಮೊದಲು ಈ ಹಳೆಯ ಮನೆಯನ್ನೇ ತಂತ್ರಾಂಶದಲ್ಲಿ ಬಿಡಿಸುವುದು ನಾನು ಬಲ್ಲ ಅತ್ಯುತ್ತಮ ಅಭ್ಯಾಸ. ಪರದೆಯ ಮೇಲೆ ವಿಶಾಲವಾಗಿ ಕಾಣುವ ಕೋಣೆ ವಾಸ್ತವದಲ್ಲಿ ಎಷ್ಟು ಇಕ್ಕಟ್ಟು ಎಂಬುದು, ಎದ್ದು ಹೋಗಿ ಅದೇ ಕೋಣೆಯಲ್ಲಿ ನಿಂತಾಗ ಮಾತ್ರ ಅರಿವಿಗೆ ಬರುತ್ತದೆ.

ದುಡ್ಡು ಕೊಡದೆ ಶುರು ಮಾಡಿ

ಕಲಿಯುವವರಿಗೆ ಸ್ವೀಟ್ ಹೋಮ್ 3ಡಿ ಸಾಕು. ಉಚಿತವಾದ, ಮುಕ್ತ ಆಕರದ ಈ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ಓಡುತ್ತದೆ. ಮೇಲೆ ನಕ್ಷೆ ಬಿಡಿಸುತ್ತಿದ್ದಂತೆ ಕೆಳಗೆ ಮನೆ ಎದ್ದು ನಿಲ್ಲುತ್ತದೆ. 2000ದಲ್ಲಿ ಬಂದು, 2006ರಲ್ಲಿ ಗೂಗಲ್‌ಗೂ 2012ರಲ್ಲಿ ಟ್ರಿಂಬಲ್ ಕಂಪನಿಗೂ ಕೈ ಬದಲಾದ ಸ್ಕೆಚ್‌ಅಪ್ ಕೂಡ ಸ್ವಂತ ಬಳಕೆಗೆ ಬ್ರೌಸರಿನಲ್ಲಿ ಉಚಿತವಾಗಿ ಸಿಗುತ್ತದೆ, ಆದರೆ ಅದರ ಉಚಿತ ರೂಪದಿಂದ ಕಡತ ಹೊರತೆಗೆಯುವ ದಾರಿಗಳು ಕಡಿಮೆ. 1982ರಿಂದ ಬಳಕೆಯಲ್ಲಿರುವ ಆಟೋಕ್ಯಾಡ್ ವೃತ್ತಿಪರರ ಉಪಕರಣ. ಒಂದೇ ಒಂದು ಮನೆ ಕಟ್ಟಿಸುವವರು ಅದನ್ನು ಕೊಳ್ಳುವುದೆಂದರೆ ತೆಂಗಿನಕಾಯಿ ಒಡೆಯಲು ಜೆಸಿಬಿ ಕರೆಸಿದಂತೆ.

ಮೊದಲ ಗೆರೆ ಎಳೆಯುವ ಮುನ್ನ ಸೆಟ್ಟಿಂಗ್ಸ್‌ಗೆ ಹೋಗಿ ಅಳತೆಯನ್ನು ಅಡಿ–ಅಂಗುಲಕ್ಕೆ ಬದಲಿಸಿ, ಗೋಡೆಯ ದಪ್ಪವನ್ನೂ ಎತ್ತರವನ್ನೂ ನೀವೇ ಕೊಡಬೇಕು. ಅಮೆರಿಕದವರು ಬರೆದ ತಂತ್ರಾಂಶಗಳು ಮರದ ಚೌಕಟ್ಟಿಗೆ ಹಲಗೆ ಹೊಡೆದ ತೆಳು ಗೋಡೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತವೆ. ನಮ್ಮಲ್ಲಿ 6 ಅಂಗುಲದ ಸಾಲಿಡ್ ಬ್ಲಾಕಿಗೆ ಎರಡೂ ಕಡೆ ಅರ್ಧರ್ಧ ಅಂಗುಲ ಪ್ಲಾಸ್ಟರಿಂಗ್ ಸೇರಿದರೆ 7 ಅಂಗುಲ, ಒಳಗಿನ 4 ಅಂಗುಲದ ಗೋಡೆ 5 ಅಂಗುಲ. ಸೈಟಿನ ಸುತ್ತ ಬಿಡಲೇಬೇಕಾದ ಜಾಗ ಎಷ್ಟೆಂಬುದನ್ನು ನಿಮ್ಮ ಎಂಜಿನಿಯರರಿಂದ ಕೇಳಿ ತಿಳಿದು, ಆ ಗೆರೆಯನ್ನು ಎಲ್ಲಕ್ಕಿಂತ ಮೊದಲು ಹಾಕಿಕೊಳ್ಳಿ.

ಏಳು ಅಂಗುಲ ಎಲ್ಲಿ ಹೋಯಿತು

ಇಲ್ಲಿಯೇ ಬಹಳ ಜನ ಎಡವುವುದು. ಗೋಡೆ ಎಳೆಯುವಾಗ ಸ್ವೀಟ್ ಹೋಮ್ 3ಡಿ ತೋರಿಸುವ ಅಳತೆ ಗೋಡೆಯ ನಡುಗೆರೆಯಿಂದ ನಡುಗೆರೆಗೆ ಇರುತ್ತದೆ. 10 ಅಡಿ ಎಂದು ನೀವು ಎಳೆದ ಕೋಣೆಯ ಒಳಗೆ ಸಿಗುವುದು, ಎರಡೂ ಕಡೆ 7 ಅಂಗುಲದ ಗೋಡೆಯಿದ್ದರೆ, 9 ಅಡಿ 5 ಅಂಗುಲ ಮಾತ್ರ. ಆ ಕೋಣೆಯಲ್ಲಿ 5 ಅಡಿ ಅಗಲದ ಮಂಚವನ್ನು ಒಂದು ಗೋಡೆಗೆ ಒತ್ತಿಟ್ಟು, ಎದುರು ಗೋಡೆಗೆ 2 ಅಡಿ ಆಳದ ವಾರ್ಡ್‌ರೋಬ್ ನಿಲ್ಲಿಸಿ ನೋಡಿ: ನಡುವೆ ಉಳಿಯುವುದು 29 ಅಂಗುಲ. ವಾರ್ಡ್‌ರೋಬಿನ ಒಂದೂವರೆ ಅಡಿಯ ಬಾಗಿಲು ತೆರೆದರೆ, ಸೀರೆ ತೆಗೆಯಲು ನಿಂತವರ ಪಾಲಿಗೆ ಉಳಿಯುವುದು 11 ಅಂಗುಲ. 10 ಅಡಿಯೆಂದೇ ನಂಬಿ ಲೆಕ್ಕ ಹಾಕಿದವರಿಗೆ ಅದು 18 ಅಂಗುಲದಂತೆ ತೋರಿರುತ್ತದೆ. ಆದ್ದರಿಂದ ಗೋಡೆ ಎಳೆದಾದ ಮೇಲೆ ಅಳತೆಗೆರೆಯ ಉಪಕರಣದಿಂದ ಒಳಮೈಯಿಂದ ಒಳಮೈಗೆ ಅಳೆದು, ಬೇಕಾದ ಒಳ ಅಳತೆ ಬರುವ ತನಕ ಗೋಡೆಯನ್ನು ಸರಿಸಿ. ಮಂಚ, ಬೀರುಗಳನ್ನು ತಂತ್ರಾಂಶ ಕೊಟ್ಟ ಗಾತ್ರದಲ್ಲಿ ಬಿಡದೆ ನಿಮ್ಮ ಮನೆಯ ವಸ್ತುಗಳ ನಿಜವಾದ ಗಾತ್ರಕ್ಕೆ ತಿದ್ದಿ.

ಇದೇ ಲೆಕ್ಕ ಗುತ್ತಿಗೆದಾರರ ಚದರದ ಮಾತಿಗೂ ಅನ್ವಯಿಸುತ್ತದೆ. ಇಲ್ಲಿ ಒಂದು ಚದರವೆಂದರೆ 100 ಚದರ ಅಡಿ, ಮತ್ತು ಅವರು ಅಳೆಯುವುದು ಹೊರಗೋಡೆಯ ಹೊರಮೈಯಿಂದ. ಹೊರ ಅಳತೆ 26×34 ಅಡಿ ಇರುವ ಮಹಡಿ ಅವರ ಪುಸ್ತಕದಲ್ಲಿ 884 ಚದರ ಅಡಿ. ಹೊರಗೋಡೆಯ 7 ಅಂಗುಲವನ್ನು ನಾಲ್ಕೂ ಕಡೆ ಕಳೆದರೆ ಒಳಗೆ ಸುಮಾರು 815 ಚದರ ಅಡಿ. ಒಳಗೋಡೆಗಳ ಪಾಲನ್ನು ಇನ್ನೂ ಕಳೆದಿಲ್ಲ. ತಂತ್ರಾಂಶ ಕೋಣೆಗಳ ಒಳವಿಸ್ತೀರ್ಣವನ್ನು ಕೂಡಿ ತೋರಿಸುವ ಸಂಖ್ಯೆಯನ್ನು ಹಿಡಿದು ಗುತ್ತಿಗೆದಾರರೊಂದಿಗೆ ಜಗಳಕ್ಕೆ ಹೋಗಬೇಡಿ. ಒಪ್ಪಂದದಲ್ಲಿ ಪೋರ್ಟಿಕೊ, ಬಾಲ್ಕನಿ, ತಾರಸಿಯಲ್ಲಿ ಮೆಟ್ಟಿಲ ಮೇಲೆ ಬರುವ ಹೆಡ್‌ರೂಮುಗಳನ್ನು ಚದರಕ್ಕೆ ಹೇಗೆ ಸೇರಿಸುತ್ತಾರೆಂದು ಮೊದಲೇ ಬರೆಸಿಕೊಂಡು, ಅದೇ ಲೆಕ್ಕವನ್ನು ನಕ್ಷೆಯ ಮೇಲೆ ನೀವೂ ಹಾಕಿಕೊಳ್ಳಿ.

ಮೆಟ್ಟಿಲು ಸುಳ್ಳು ಹೇಳುತ್ತದೆ

ಸಿದ್ಧ ಪಟ್ಟಿಯಿಂದ ಎಳೆದು ತಂದ ಮೆಟ್ಟಿಲನ್ನು ಎಷ್ಟು ಕುಗ್ಗಿಸಿದರೂ ತಂತ್ರಾಂಶ ತಕರಾರು ಮಾಡುವುದಿಲ್ಲ. ನೋಡಲು ಮೆಟ್ಟಿಲಿನಂತೆಯೇ ಇರುತ್ತದೆ, ಹತ್ತಲು ಮಾತ್ರ ಏಣಿಯಾಗಿರುತ್ತದೆ. ಹಾಗಾಗಿ ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಳ್ಳಿ. ನೆಲದಿಂದ ಮೇಲಿನ ನೆಲಕ್ಕೆ 10 ಅಡಿ 6 ಅಂಗುಲ, ಅಂದರೆ 126 ಅಂಗುಲವಿದ್ದು, ಒಂದೊಂದು ಮೆಟ್ಟಿಲು 7 ಅಂಗುಲ ಎತ್ತರವಾದರೆ 18 ಏರುಗಳು ಬೇಕು. ನಡುವೆ ಲ್ಯಾಂಡಿಂಗ್ ಇಟ್ಟು ಒಂಬತ್ತೊಂಬತ್ತಾಗಿ ಒಡೆದರೆ ಪ್ರತಿ ಸಾಲಿನಲ್ಲಿ ಕಾಲಿಡುವ ಮೆಟ್ಟಿಲುಗಳು 8 (ಒಂಬತ್ತನೆಯ ಏರು ಲ್ಯಾಂಡಿಂಗಿಗೋ ಮೇಲಿನ ನೆಲಕ್ಕೋ ಮುಟ್ಟಿಸುತ್ತದೆ); ತಲಾ 10 ಅಂಗುಲದಂತೆ 6 ಅಡಿ 8 ಅಂಗುಲ, ಲ್ಯಾಂಡಿಂಗಿನ 3 ಅಡಿ ಸೇರಿ 9 ಅಡಿ 8 ಅಂಗುಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಮನೆಯ ಮೆಟ್ಟಿಲಿನ ಎತ್ತರ 190 ಮಿಲಿಮೀಟರ್ ಮೀರಬಾರದು, ಕಾಲಿಡುವ ಜಾಗ 250 ಮಿಲಿಮೀಟರಿಗೆ ಕಡಿಮೆಯಿರಬಾರದು; ಮೇಲಿನ ಲೆಕ್ಕ ಆ ಮಿತಿಯೊಳಗಿದೆ. ಮೊಣಕಾಲು ನೋವಿರುವ ಹಿರಿಯರಿದ್ದರೆ ಎತ್ತರವನ್ನು ಆರೂವರೆ ಅಂಗುಲಕ್ಕೆ ಇಳಿಸಿ ಮತ್ತೆ ಲೆಕ್ಕ ಹಾಕಿ, ಜಾಗ ಎಲ್ಲಿಂದ ಬರುತ್ತದೆಂದು ನೋಡಿ.

ಪಟ್ಟಿಯಲ್ಲಿ ಇಲ್ಲದ ವಸ್ತುಗಳು

ಈ ತಂತ್ರಾಂಶಗಳ ಸಿದ್ಧ ಪಟ್ಟಿಯಲ್ಲಿ ಪಿಯಾನೋ ಸಿಗಬಹುದು, ಸಂಪು ಸಿಗುವುದಿಲ್ಲ. ಓವರ್‌ಹೆಡ್ ಟ್ಯಾಂಕ್, ಬಟ್ಟೆ ಒಗೆಯುವ ಕಲ್ಲು, ದೇವರ ಮನೆ, ಗ್ಯಾಸ್ ಸಿಲಿಂಡರಿನ ಜಾಗ, ಕಿಟಕಿಯ ಮೇಲಿನ ಸಜ್ಜ, ಅಟ್ಟ, ಎರಡು ಸ್ಕೂಟರುಗಳು, ಮಳೆನೀರು ಇಂಗುವ ಗುಂಡಿ ಇವನ್ನೆಲ್ಲ ಸರಿಯಾದ ಗಾತ್ರದ ಬರಿಯ ಡಬ್ಬಗಳಾಗಿ ಮಾಡಿ, ಹೆಸರು ಬರೆದು ಇಡಬೇಕು. ನಾನು ಇದನ್ನು ಮಾಡಲಿಲ್ಲ. ಪರದೆಯ ಮೇಲೆ ನಮ್ಮ ಪೋರ್ಟಿಕೊ ಅಚ್ಚುಕಟ್ಟಾಗಿತ್ತು, ಕಾರೂ ನಿಂತಿತ್ತು. ಸಂಪು ಮಾತ್ರ ನಕ್ಷೆಯಲ್ಲಿ ಇರಲಿಲ್ಲ. ಅದರ ಮುಚ್ಚಳ ಸರಿಯಾಗಿ ಕಾರಿನ ಹೊಟ್ಟೆಯ ಕೆಳಗೆ ಬಂದಿದೆ. ಬೇಸಗೆಯಲ್ಲಿ ಟ್ಯಾಂಕರ್ ಬಂದಾಗಲೆಲ್ಲ, ಅದು ಬೆಳಗಿನ ಐದೂವರೆಗೇ ಬರುವುದು, ಕಾರಿನ ಕೀ ಹುಡುಕುವುದು ಈಗ ನಮ್ಮ ಮನೆಯ ನಿತ್ಯವಿಧಿ.

ಸೂರ್ಯನನ್ನು ಬೆಂಗಳೂರಿಗೆ ತನ್ನಿ

ನೆರಳು ತೋರಿಸುವ ತಂತ್ರಾಂಶಗಳಿಗೆ ಸ್ಥಳವನ್ನು ಹೇಳದಿದ್ದರೆ ಅವು ಬೇರೆ ಊರಿನ ಬಿಸಿಲನ್ನು ತೋರಿಸುತ್ತವೆ. ಸ್ಕೆಚ್‌ಅಪ್ ಹುಟ್ಟಿದ ಅಮೆರಿಕದ ಬೋಲ್ಡರ್ ನಗರ 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ವಾಲಿರುತ್ತಾನೆ. ನಮ್ಮದು 12.97 ಡಿಗ್ರಿ ಉತ್ತರ ಅಕ್ಷಾಂಶ, 77.59 ಡಿಗ್ರಿ ಪೂರ್ವ ರೇಖಾಂಶ. ಈ ಎರಡು ಸಂಖ್ಯೆಗಳನ್ನೂ ಭಾರತದ ಸಮಯವನ್ನೂ ಕೊಟ್ಟ ಮೇಲೆ ಸರಿಯಾಗಿದೆಯೇ ಎಂದು ನೋಡಲು ಸುಲಭದ ಪರೀಕ್ಷೆಯೊಂದಿದೆ. ಏಪ್ರಿಲ್ 24ರ ಮಧ್ಯಾಹ್ನ 12 ಗಂಟೆ 18 ನಿಮಿಷಕ್ಕೆ ಹೊಂದಿಸಿ, ಅಂಗಳದಲ್ಲಿ ಒಂದು ಕಂಬ ನಿಲ್ಲಿಸಿ ನೋಡಿ. ಅದು ಬೆಂಗಳೂರಿನ ಶೂನ್ಯ ನೆರಳಿನ ದಿನದ ಹೊತ್ತಾದ್ದರಿಂದ ಕಂಬಕ್ಕೆ ನೆರಳು ಇರಬಾರದು. ಆಗಸ್ಟ್ 18ರ ಹೊತ್ತಿಗೆ ಅದೇ ಸ್ಥಿತಿ ಮರಳುತ್ತದೆ. ಈ ಎರಡರ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯ ನಮಗೆ ತುಸು ಉತ್ತರಕ್ಕಿರುತ್ತಾನೆ, ಹಾಗಾಗಿ ಉತ್ತರದ ಕಿಟಕಿಗೂ ಸಜ್ಜ ಬೇಕು.

ಪಕ್ಕದ ಮನೆಗಳನ್ನು ಅವುಗಳ ಎತ್ತರಕ್ಕೆ ತಕ್ಕ ಡಬ್ಬಗಳಾಗಿ ನಿಲ್ಲಿಸದೆ ಬೆಳಕಿನ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಎರಡೂ ಬದಿಗೆ ಮೂರಂತಸ್ತಿನ ಕಟ್ಟಡಗಳಿರುವ ಬಡಾವಣೆಯಲ್ಲಿ ಪೂರ್ವದ ಕಿಟಕಿಯಿಂದ ಎಳೆಬಿಸಿಲು ಬರುವುದು ಬಹುಮಟ್ಟಿಗೆ ತಂತ್ರಾಂಶದೊಳಗೆ ಮಾತ್ರ. ಪಕ್ಕದ ಸೈಟು ಖಾಲಿಯಿದ್ದರೂ ಡಬ್ಬ ಇಡಿ. ಅದು ಖಾಲಿಯಾಗಿ ಉಳಿಯುವುದಿಲ್ಲ.

ಇನ್ನು ಕೊಳ್ಳುವ ಮಾತು

ವಾಸ್ತುಶಿಲ್ಪಿಯನ್ನು ನೇಮಿಸಿಕೊಂಡಿದ್ದರೆ ನೀವು ಏನನ್ನೂ ಕೊಳ್ಳಬೇಕಾಗಿಲ್ಲ. ಮಂಜೂರಾತಿಯ ನಕ್ಷೆಗೆ ನೋಂದಾಯಿತ ವೃತ್ತಿಪರರ ಸಹಿ ಬೇಕೇ ಬೇಕು, ಕಂಬಿ–ಕಾಂಕ್ರೀಟಿನ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರರ ಕೆಲಸ. ಮನೆಯ ಒಡೆಯರು ಬಳಸುವ ಯಾವ ತಂತ್ರಾಂಶವೂ ತೊಲೆ ತೂಕ ಹೊರುತ್ತದೆಯೇ ಎಂಬುದನ್ನು ಹೇಳುವುದಿಲ್ಲ. ಉಚಿತ ತಂತ್ರಾಂಶದಲ್ಲಿ ಎರಡು ವಾರ ಕೆಲಸ ಮಾಡಿದ ಮೇಲೂ ಆಗದೇ ಉಳಿದ ನಿರ್ದಿಷ್ಟ ಕೆಲಸವೊಂದಿದ್ದರೆ, ಉದಾಹರಣೆಗೆ ಅಡುಗೆಮನೆಯ ಕಪಾಟುಗಳ ಪೂರ್ಣ ಅಳತೆಪಟ್ಟಿ ಬೇಕಾಗಿದ್ದರೆ, ಆಗ ಮಾತ್ರ ಕೊಳ್ಳುವುದನ್ನು ಯೋಚಿಸಿ.

ಉಚಿತ ಪ್ರಯೋಗದ ಅವಧಿಯನ್ನು ಅಳತೆಗಳೆಲ್ಲ ಕೈಯಲ್ಲಿರುವ ದಿನವೇ ಶುರು ಮಾಡಿ, ಏಕೆಂದರೆ ಆ ಗಡಿಯಾರ ನಿಮಗಾಗಿ ಕಾಯುವುದಿಲ್ಲ. 9 ಅಡಿ 5 ಅಂಗುಲ ಎಂಬ ಅಳತೆಯನ್ನು ಅದು ಹಾಗೆಯೇ ಸ್ವೀಕರಿಸುತ್ತದೆಯೇ, 18 ಏರಿನ ಮೆಟ್ಟಿಲನ್ನು ಕೇಳಿದಂತೆ ಕಟ್ಟಿಕೊಡುತ್ತದೆಯೇ, ಎಂಜಿನಿಯರರು ತೆರೆಯಬಲ್ಲ ಡಿಡಬ್ಲ್ಯುಜಿ ಅಥವಾ ಡಿಎಕ್ಸ್‌ಎಫ್ ಕಡತವನ್ನು ಕೊಡುತ್ತದೆಯೇ ಎಂದು ಪರೀಕ್ಷಿಸಿ. ನಕ್ಷೆಯಲ್ಲಿ ಕನ್ನಡ ಬೇಕೆನ್ನುವವರು "ಸ್ನಾನಗೃಹ" ಎಂದು ಟೈಪ್ ಮಾಡಿ ಪಿಡಿಎಫ್ ತೆಗೆದು ನೋಡಲಿ. ಒತ್ತಕ್ಷರ ಚದುರುತ್ತದೆಯೋ ಇಲ್ಲವೋ ಎಂಬುದು ಅಲ್ಲಿಯೇ ತಿಳಿಯುತ್ತದೆ.

ದೊಡ್ಡ ಕಂಪನಿಗಳು ಒಮ್ಮೆ ಕೊಂಡು ಸದಾ ಬಳಸುವ ಪರವಾನಗಿಯನ್ನು ಕೈಬಿಟ್ಟಿವೆ. ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ 2016ರಲ್ಲಿ, ಸ್ಕೆಚ್‌ಅಪ್ 2020ರಲ್ಲಿ ಅದನ್ನು ಮಾರುವುದನ್ನು ನಿಲ್ಲಿಸಿದವು. ಈಗಿರುವುದು ಚಂದಾ ಪದ್ಧತಿ. ತಿಂಗಳ ಚಂದಾ ಸಿಗುವುದಾದರೆ, ತಿಂಗಳ ದರ ತುಸು ದುಬಾರಿಯೆನಿಸಿದರೂ, ವರ್ಷದ ಚಂದಾಕ್ಕೆ ಮರುಳಾಗಬೇಡಿ. ಒಂದು ಮನೆಯ ನಕ್ಷೆಗೆ ಮೂರು–ನಾಲ್ಕು ತಿಂಗಳು ಧಾರಾಳ. ತೋರಿಸಿದ ಬೆಲೆಯಲ್ಲಿ ಶೇ 18ರ ಜಿಎಸ್‌ಟಿ ಸೇರಿದೆಯೇ, ಡಾಲರಿನಲ್ಲಿ ಕಟ್ಟುವುದಾದರೆ ಬ್ಯಾಂಕು ವಿನಿಮಯಕ್ಕೆಂದು ಎಷ್ಟು ಹಿಡಿಯುತ್ತದೆ ಎಂಬುದನ್ನೂ ಕೇಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ 24 ಗಂಟೆ ಮುಂಚೆ ಸೂಚನೆ ಬರುತ್ತದೆ. ಆ ಎಸ್‌ಎಂಎಸ್ ಅನ್ನು ಜಾಹೀರಾತೆಂದು ಅಳಿಸಿಬಿಡಬೇಡಿ. ಚಂದಾ ಮುಗಿದ ಮೇಲೆ ನಿಮ್ಮದೇ ಕಡತ ತೆರೆಯುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿ, ಹೇಗಿದ್ದರೂ ಕೊನೆಯ ವಾರದಲ್ಲಿ ಎಲ್ಲವನ್ನೂ ಪಿಡಿಎಫ್ ಮತ್ತು ಡಿಎಕ್ಸ್‌ಎಫ್ ರೂಪದಲ್ಲಿ ತೆಗೆದಿಡಿ. ಕ್ರ್ಯಾಕ್ ಮಾಡಿದ ಪ್ರತಿಗಳು ಕಾನೂನಿಗೆ ವಿರುದ್ಧವಷ್ಟೇ ಅಲ್ಲದೆ ವೈರಸ್ಸುಗಳ ತವರೂ ಹೌದು.

ಬ್ರೌಸರಿನಲ್ಲಿ ಓಡುವ ತಂತ್ರಾಂಶಕ್ಕೆ ಹೊಸ ಕಂಪ್ಯೂಟರ್ ಬೇಕಿಲ್ಲ. 3ಡಿ ಚಿತ್ರ ತಡವರಿಸುತ್ತಿದ್ದರೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ನಿಮ್ಮ ಲ್ಯಾಪ್‌ಟಾಪಿನ ರ‍್ಯಾಮ್ 16 ಜಿಬಿಗೆ ಏರಿಸಬಹುದೇ ಎಂದು ಮೊದಲು ಕೇಳಿ. ಚಕ್ರವಿರುವ ಮೌಸ್ ಅಂತೂ ಕಡ್ಡಾಯ. ಟಚ್‌ಪ್ಯಾಡಿನಲ್ಲಿ ಮನೆ ಬಿಡಿಸುವುದು ಪ್ರಾಯಶ್ಚಿತ್ತವೇ ಸರಿ.

ಮೇಸ್ತ್ರಿಗೆ ಕೊಡುವ ಹಾಳೆ

30×40 ಸೈಟು 1:50ರ ಪ್ರಮಾಣದಲ್ಲಿ 18.3×24.4 ಸೆಂಟಿಮೀಟರ್ ಆಗುವುದರಿಂದ ಎ4 ಹಾಳೆಯಲ್ಲಿ ನೆಮ್ಮದಿಯಾಗಿ ಕೂರುತ್ತದೆ. ಮುದ್ರಿಸುವಾಗ ಹಾಳೆಗೆ ಹೊಂದಿಸುವ ಆಯ್ಕೆಯನ್ನು ತೆಗೆದು ನಿಜ ಗಾತ್ರವನ್ನು ಆರಿಸಿ, ಮುದ್ರಣ ಬಂದೊಡನೆ ಮಕ್ಕಳ ಸ್ಕೇಲಿನಿಂದ ಉದ್ದದ ಬದಿಯನ್ನು ಅಳೆಯಿರಿ, 24.4 ಬರದಿದ್ದರೆ ಪ್ರಿಂಟರು ಕುಗ್ಗಿಸಿದೆ, ಆ ಹಾಳೆ ಹರಿದುಬಿಡಿ. ಎಲ್ಲಕ್ಕಿಂತ ಚಿಕ್ಕ ಕೋಣೆಯನ್ನು ಈಗಿನ ಮನೆಯ ತಾರಸಿಯ ಮೇಲೆ ರಂಗೋಲಿ ಪುಡಿಯಲ್ಲಿ ಪೂರ್ಣ ಅಳತೆಗೆ ಎಳೆದು, ಮಂಚದ ಜಾಗದಲ್ಲಿ ಚಾಪೆ ಹಾಸಿ, ಮನೆಮಂದಿಯೆಲ್ಲ ಒಮ್ಮೆ ಅದರೊಳಗೆ ಓಡಾಡಿ ಬನ್ನಿ. ಅನಂತರ ಕೋಣೆಗಳ ಅಳತೆಯನ್ನುಳಿದು ಬಣ್ಣ, ಸೋಫಾ, ಹೂಕುಂಡಗಳೆಲ್ಲವನ್ನೂ ಅಳಿಸಿದ ಪ್ರತಿಯನ್ನು ತೆಗೆದು, ಅದರ ತಲೆಯ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು ಬರೆದು ಮೇಸ್ತ್ರಿಯ ಕೈಗೆ ಕೊಡಿ: "ಎಲ್ಲ ಅಳತೆಯೂ ಪ್ಲಾಸ್ಟರಿಂಗ್ ಮುಗಿದ ಮೇಲಿನ ಒಳ ಅಳತೆ."